ಮೂರು ಡಬ್ಬಿ ಭತ್ತ

ಯಪ್ಪಾ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಮಾನ್ವಿಯ ಅಕ್ಕಿ ಗಿರಣಿಗೆ ಹೋಗಿದ್ದೆ. ನಿನ್ನ ಜಾಗದಲ್ಲಿ ಕೂತಿರುವ, ನಾನೇ ಮಾಡಿದ ತೇವದ ಮೀಟರ್ ಹಸಿ ಭತ್ತವನ್ನು ಒಣ ಎಂದು ತೋರಿಸಿದೆ. ಅದನ್ನು ನಂಬಿ ಇಳಿಸಿಕೊಂಡ ಚೀಲಗಳೆಲ್ಲ ಬೂಸ್ಟು ಹಿಡಿದಿವೆ.

"ಬೂದೆಪ್ಪ ಇದ್ದಿದ್ರ ಒಂದು ಕಾಳು ಕಡದು ಹೇಳ್ತಿದ್ದ," ಎಂದರು ಗಿರಣಿ ಸಾವ್ಕಾರರು. ನಾಳೆಯಿಂದ ಬರಬೇಡ ಎಂದು ನಿನಗೆ ಹೇಳಿದವರೂ ಅವರೇ.

ಮೊದಲು ಆ ಮೀಟರ್ ಬರೀ ಆಟವಾಗಿತ್ತು. ವಿಡಿಯೊ ನೋಡಿ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ದೀಪ ಮಿಣುಕಿಸಲು ಕಲಿತೆ, ಆಮೇಲೆ ಭತ್ತಕ್ಕೆ ಎರಡು ಮೊಳೆ ಚುಚ್ಚಿ ತೇವ ಅಳೆಯಲು. ಆದರೆ ಯಾವ ಅಂಕಿ ಹಸಿ, ಯಾವುದು ಒಣ ಎಂದು ಬೋರ್ಡಿಗೆ ಯಾರಾದರೂ ಹೇಳಿಕೊಡಬೇಕಲ್ಲ? ನೀನು ಕಾಳು ಕಡಿದು ಕಡಿದು ಮೂರು ಡಬ್ಬಿ ತುಂಬಿಕೊಟ್ಟೆ: ಹಸಿ, ನಡು, ಒಣ. ಯಾಕೆ ಎಂದು ಕೇಳಲಿಲ್ಲ. ಸಾವ್ಕಾರರಿಗೆ ತೋರಿಸುತ್ತೇನೆಂದು ನಾನೂ ಹೇಳಲಿಲ್ಲ.

ಗಿರಣಿಗೆ ಮೀಟರ್ ಬಂದು ನಿನ್ನ ಕೆಲಸ ಹೋದ ದಿನ, "ಚಲೋ ಆತು ಬಿಡವ್ವಾ, ಹಲ್ಲಿಗೆ ಆರಾಮ ಸಿಕ್ತು," ಎಂದು ನೀನು ನಕ್ಕೆ. ಒಂದು ಮಾತು ಬೈದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಈ ಸಲ ಬಂದಿರುವುದು ಹೊಸ ತಳಿ. ನಿನ್ನ ಡಬ್ಬಿಗಳ ಅಂಕಿ ಅದಕ್ಕೆ ಹೊಂದುವುದಿಲ್ಲ. "ಮೀಟರಿನ ನಂಬರ್ ಒಂದೀಟು ಸರಿ ಮಾಡಿಬಿಡವ್ವಾ, ನಿನಗೇನು ದೊಡ್ಡದು," ಎಂದರು ಸಾವ್ಕಾರರು. ಹೊರಗೆ ಇನ್ನೊಂದು ಲಾರಿ ಕಾಯುತ್ತಿತ್ತು. ಅದರ ಚೀಲವೊಂದರಿಂದ ಒಂದು ಕಾಳು ತೆಗೆದು ಕಡಿದೆ. ಹಮಾಲರು ನನ್ನ ಬಾಯಿ ನೋಡುತ್ತ ನಿಂತರು. ಹಸಿಯೋ ಒಣವೋ, ನನಗೆ ಏನೂ ತಿಳಿಯಲಿಲ್ಲ.

ಆದರೂ ಥೇಟ್ ನಿನ್ನಂತೆ ಹೊಟ್ಟು ಉಗುಳಿ, "ಒಣಗ್ಯಾದ್ರಿ," ಎಂದೆ.

ಬೂದೆಪ್ಪನ ಮಗಳ ಮಾತೆಂದು ಎಲ್ಲರೂ ನಂಬಿದರು.