ಹಸಿರು ಚೀಟಿ ಇಲ್ಲದ ಹಾಡುಗಳು

ಗುರುವಾರ, ಹದಿನಾಲ್ಕನೇ ತಾರೀಖು

ನನ್ನ ಅಕ್ಷರ ಕಂಡರೇ ಹುಬ್ಬು ಗಂಟಿಕ್ಕುವವರಿಗೆ,

ನಮಸ್ಕಾರ. ಮನೆ ಬಿಟ್ಟು ಬಂದು ಮೂರು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ನಿಮ್ಮ ತಂಗಿ ಫೋನ್ ಮಾಡಿದ್ದಳು. ಎಡಗಿವಿ ಹೋದದ್ದು ನನಗೆ ಗೊತ್ತಿತ್ತು. ಈಗ ಬಲಗಿವಿಯ ನರದ ಮೇಲೂ ಗಡ್ಡೆ ಇದೆ, ಬರುವ ಬುಧವಾರ ಆಪರೇಷನ್, ಜೀವಕ್ಕೆ ಭಯವಿಲ್ಲ, ಆದರೆ ಕಿವಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಫೋನ್ ಇಟ್ಟ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ನನಗೆ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ರೇಡಿಯೋದಲ್ಲಿ ಊರಿಗೆಲ್ಲ ಹಾಡು ಕೇಳಿಸಿದವರಿಗೆ ಹೀಗಾಗಬಾರದಿತ್ತು. ತುಂಬಾ ಸಂಕಟವಾಗುತ್ತಿದೆ.

ನೀವು ವಾರವೆಲ್ಲ ನಮ್ಮಿಬ್ಬರ ಮೆಚ್ಚಿನ ಆ ನಾಲ್ವರ ಬ್ಯಾಂಡನ್ನೇ ಹಾಕಿಕೊಂಡು ಕೂತಿದ್ದೀರಂತೆ. ಅವೇ ಹೆಸರಾದ ಹಾಡುಗಳು. ದಯವಿಟ್ಟು ಅವನ್ನು ಬಿಡಿ. ಗಿಟಾರು ಎಲ್ಲಿ ಏರುತ್ತದೆ, ಹಾಡುಗಾರ ಎಲ್ಲಿ ಗಂಟಲು ಹರಿದುಕೊಳ್ಳುತ್ತಾನೆ ಎನ್ನುವುದೆಲ್ಲ ನಿಮಗೆ ಬಾಯಿಪಾಠ. ತಲೆಯೊಳಗೆ ಕೂತದ್ದನ್ನು ಯಾವ ಡಾಕ್ಟರೂ ತೆಗೆಯಲಾರರು. ಕೇಳದೇ ಬಿಟ್ಟದ್ದನ್ನು ಈಗ ಕೇಳಿ. ಈ ಪಾರ್ಸೆಲ್ಲಿನಲ್ಲಿ ಅವರ ನಾಲ್ಕು ಸಣ್ಣ ರೆಕಾರ್ಡುಗಳಿವೆ, ಬದಿಗೆ ಒಂದೊಂದೇ ಹಾಡಿನವು. ನಾಲ್ಕನ್ನೂ ತಿರುಗಿಸಿ ಹಾಕಿ.

ಹಿಂಬದಿಯ ಹಾಡೆಂದರೆ ನಿಮಗೆ ಮೊದಲಿನಿಂದಲೂ ಅಸಡ್ಡೆ. ಅದು ಜಾಗ ತುಂಬ್ಸೋಕೆ ಹಾಕಿರೋದು ಕಣೇ, ಎನ್ನುತ್ತಿದ್ದಿರಿ. ಸ್ಟೇಷನ್ನಿನ ರೆಕಾರ್ಡ್ ಲೈಬ್ರರಿಯಲ್ಲಿ ಕೂತವಳು ನಾನು. ಗೀರು ಬಿದ್ದಿದೆಯೇ ಎಂದು ಎರಡೂ ಬದಿ ಕೇಳಿ, ಪ್ರಸಾರವಾಗಬೇಕಾದ ಬದಿಗೆ ಹಸಿರು ಚೀಟಿ ಅಂಟಿಸುವುದು ನನ್ನ ಕೆಲಸವಾಗಿತ್ತು. ಚೀಟಿ ಇಲ್ಲದ ಬದಿಯನ್ನು ಇಡೀ ಊರಿನಲ್ಲಿ ಕೇಳಿದವಳು ನಾನೊಬ್ಬಳೇ ಇರಬೇಕು.

ಮೊದಲನೆಯದರಲ್ಲಿ ಡ್ರಮ್ಮಿನವನು ಹಾಡಿದ್ದಾನೆ. ಪಾಪ, ಹಾಡುವ ಗಂಟಲಲ್ಲ. ಎರಡನೇ ಚರಣದಲ್ಲಿ ದನಿ ಒಡೆಯುತ್ತದೆ. ಯಾರೂ ಅದನ್ನು ತಿದ್ದಲು ಹೋಗಿಲ್ಲ, ಗಿಟಾರಿನವನು ಮಾತ್ರ ತನ್ನ ಸದ್ದು ತಗ್ಗಿಸಿ ಅವನಿಗೆ ದಾರಿ ಬಿಡುತ್ತಾನೆ. ಎರಡನೆಯದು ಬರೀ ವಾದ್ಯ. ಯಾರೋ ತಾಳದ ಎಣಿಕೆ ತಪ್ಪಿ ನಕ್ಕದ್ದೂ ಹಾಗೇ ಉಳಿದಿದೆ. ಮೂರನೆಯದಕ್ಕೆ ಪಲ್ಲವಿಯೇ ಇಲ್ಲ. ಬೇಸ್ ಗಿಟಾರಿನವನು ತಾಯಿ ಹೋದ ಮೇಲೆ ಅವಳ ಮನೆ ಖಾಲಿ ಮಾಡುತ್ತಾ ಒಂದೊಂದೇ ಸಾಮಾನಿನ ಹೆಸರು ಹೇಳುತ್ತಾನೆ, ಸಾಮಾನು ಮುಗಿದಾಗ ಹಾಡೂ ಮುಗಿಯುತ್ತದೆ. ಮುಂಬದಿಯಲ್ಲಿ ಈ ನಾಲ್ವರೂ ನಮಗಾಗಿ ನುಡಿಸಿದರು, ಹಿಂಬದಿಯಲ್ಲಿ ಒಬ್ಬರಿಗೊಬ್ಬರು ನುಡಿಸಿಕೊಂಡರು. ನನಗೆ ಅದೇ ಇಷ್ಟ.

ನಾಲ್ಕನೆಯದು ನಿಮಗೆ ಗೊತ್ತು. ನಲವತ್ತು ಸೆಕೆಂಡಿನಷ್ಟು ಗೊತ್ತು.

ಆ ಬೆಳಿಗ್ಗೆ ನೀವು ಹೆಸರಾದ ಹಾಡಿನ ಹೆಸರು ಹೇಳಿ ರೆಕಾರ್ಡಿನ ಮೇಲೆ ಮುಳ್ಳಿಟ್ಟಿರಿ. ಬಂದದ್ದು ಇದು. ಮೊದಲ ಹನ್ನೊಂದು ಸೆಕೆಂಡು ಬರೀ ಉಸಿರು, ಯಾರೋ ಕುರ್ಚಿ ಎಳೆದ ಸದ್ದು. ಸ್ಟೇಷನ್ ಕೆಟ್ಟಿತೆಂದು ಜನ ಫೋನ್ ಮಾಡತೊಡಗಿದರು. ನೀವು ಮುಳ್ಳೆತ್ತಿ ಕ್ಷಮೆ ಕೇಳಿದಿರಿ. ಅನೌನ್ಸರುಗಳು ಲೇಬಲ್ ಓದುವ ತೊಂದರೆ ತೆಗೆದುಕೊಳ್ಳುವವರಲ್ಲ, ಚೀಟಿ ಕಂಡರೆ ಸಾಕು. ಡೈರೆಕ್ಟರು ಕರೆಸಿದಾಗ ನೀವು ರೆಕಾರ್ಡು ಹಿಡಿದು ನೋಡಿದಿರಿ. ಚೀಟಿ ಸರಿಯಾದ ಬದಿಯಲ್ಲೇ ಇತ್ತು. ನನ್ ಕೈ ತಪ್ಪಿದೆ ಸರ್, ಎಂದಿರಿ. ನಿಮ್ಮ ಬೆಳಗಿನ ಕಾರ್ಯಕ್ರಮ ಕಿತ್ತುಕೊಂಡು ಹವಾಮಾನ ಓದಲು ಕೂರಿಸಿದರು.

ನಿಮ್ಮ ಕೈ ತಪ್ಪಿರಲಿಲ್ಲ. ಹಿಂದಿನ ಸಂಜೆ ಚೀಟಿ ಕಿತ್ತು ಆ ಬದಿಗೆ ಅಂಟಿಸಿದವಳು ನಾನು. ಎಷ್ಟು ಬೇಡಿಕೊಂಡರೂ ನೀವು ಅದನ್ನು ಹಾಕಲಿಲ್ಲವೆಂದು ಹಟ ಬಂದಿತ್ತು. ಒಂದು ದಿನವಾದರೂ ಊರು ಕೇಳಲಿ ಎಂದುಕೊಂಡೆ. ನೀವು ಫೋನುಗಳಿಗೆ ಉತ್ತರ ಕೊಡುತ್ತಿದ್ದಾಗ ಸ್ಟುಡಿಯೋ ಒಳಗೆ ಬಂದು ಚೀಟಿಯನ್ನು ಮತ್ತೆ ಮುಂಬದಿಗೆ ಹಾಕಿದವಳೂ ನಾನೇ. ಮೊದಲನೆಯದು ಹಟ, ಎರಡನೆಯದು ಹೇಡಿತನ.

ಅಂದಿನಿಂದ ನೀವು ನಿಮ್ಮ ಕೈಯನ್ನೇ ನಂಬಲಿಲ್ಲ. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದಿರಿ. ಗ್ಯಾಸ್ ಆರಿಸಿ ಬೀದಿಯ ತುದಿಯಿಂದ ವಾಪಸು ಬರುತ್ತಿದ್ದಿರಿ. ನಾನು ಅದನ್ನು ನಂಟರ ಮುಂದೆ ಆಡಿಕೊಂಡು ನಕ್ಕೆ. ಇವರ ಜೊತೆ ಏಗೋಕಾಗಲ್ಲ ಎಂದು ನಾನು ಹೊರಟಾಗ ಎಲ್ಲರೂ ನನ್ನ ಕಡೆಯೇ ಮಾತಾಡಿದರು. ನಿಮ್ಮ ತಂಗಿ ಕೂಡ. ಆಗಲೂ ನಾನು ಚೀಟಿಯ ವಿಷಯ ಬಾಯಿ ಬಿಡಲಿಲ್ಲ. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸಿ.

ಆಗುವುದಾದರೆ ನಾಲ್ಕನೆಯದನ್ನು ಪೂರ್ತಿ ಕೇಳಿ. ಆ ಹನ್ನೊಂದು ಸೆಕೆಂಡು ತಾಳಿಕೊಂಡರೆ, ಬೇರೆಲ್ಲ ಹಾಡಿನಲ್ಲೂ ಕಿರುಚುವ ಆ ಹಾಡುಗಾರ ಮಹಾಶಯ ಮಲಗಿದ ಮಗುವನ್ನು ಎಬ್ಬಿಸಬಾರದು ಎನ್ನುವ ಹಾಗೆ ಹಾಡುತ್ತಾನೆ. ಬೇಡವೆನಿಸಿದರೆ ಬಿಡಿ, ನಿಮ್ಮ ಕಿವಿ, ನಿಮ್ಮ ವಾರ. ನಾನು ಚೆನ್ನಾಗಿದ್ದೇನೆ, ನನ್ನ ಚಿಂತೆ ಬೇಡ.

ಇಂತಿ,
ಲೈಬ್ರರಿಯವಳು

ತಾ.ಕ.: ಚೆನ್ನಾಗಿದ್ದೇನೆ ಎಂದದ್ದು ಸುಳ್ಳು. ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ಬೇಕಂತೆ, ನಾನೇ ಬಂದು ಹಾಕುತ್ತೇನೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅಲ್ಲಿರುತ್ತೇನೆ. ಬೈಯುವುದಿದ್ದರೆ ಬುಧವಾರದ ಒಳಗೆ ಬೈದುಬಿಡಿ. ಆಮೇಲೆ ನಿಮ್ಮ ಬೈಗುಳ ನನಗೆ ಕೇಳಿಸುತ್ತದೆ, ನನ್ನ ಉತ್ತರ ನಿಮಗೆ ಕೇಳಿಸುವುದಿಲ್ಲ.