ಗೊಣಗಪ್ಪನ ಎರಡನೇ ಸಾಲು

ಮಾರ್ಚ್ ೧೨, ಗುರುವಾರ

ಡೌನ್‌ಲೋಡ್ ಶೇಕಡಾ ಎಂಬತ್ಮೂರಕ್ಕೆ ನಿಂತಿದೆ. ಎಷ್ಟು ದುರುಗುಟ್ಟಿ ನೋಡಿದರೂ ಎಂಬತ್ನಾಲ್ಕಾಗುತ್ತಿಲ್ಲ.

ಅಕ್ಕನ ಕಂಪ್ಯೂಟರ್ ಬೆಳಿಗ್ಗೆ ಕೈಕೊಟ್ಟಿತು, ರಿಪೇರಿಯವನು ಕೈಚೆಲ್ಲಿದ. ಹನ್ನೊಂದು ವರ್ಷ ಪೊದೆ ಪೊದೆ ಅಲೆದು ಅವಳು ಹಿಡಿದಿಟ್ಟ ಹಕ್ಕಿಗಳ ಕೂಗೆಲ್ಲ ಅದರಲ್ಲಿತ್ತು. ನಾಳೆ ಬೆಳಿಗ್ಗೆಯೇ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಪುಣ್ಯಕ್ಕೆ, ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರು ನೇರವಾಗಿ ಫೈಲ್ ಇಳಿಸಿಕೊಳ್ಳಲೆಂದು ನಾನು ಬರೆದ ಡೌನ್‌ಲೋಡ್ ಪ್ರೋಗ್ರಾಂನಲ್ಲಿ ಅವನ್ನು ಹಂಚಿದ್ದಳು. ಪೂರ್ತಿ ಪ್ರತಿ ಇದ್ದದ್ದು ಒಬ್ಬನ ಬಳಿ ಮಾತ್ರ. ಆ ಪ್ರೋಗ್ರಾಂನ ಸಲಹೆಗಳ ಪುಟದಲ್ಲಿ ಎರಡು ವರ್ಷದಿಂದ ನನ್ನ ತಲೆ ತಿನ್ನುತ್ತಿರುವ ಆಸಾಮಿ. ಗೊಣಗಪ್ಪ ಎಂದು ಹೆಸರಿಟ್ಟವನೂ ನಾನೇ. ಸಂಜೆಯಿಂದ ಅವನ ಕಂಪ್ಯೂಟರಿನಿಂದಲೇ ಇಳಿಸಿಕೊಳ್ಳುತ್ತಿದ್ದೆ. ಏಳೂವರೆಗೆ ಅವನು ಮಾಯ.

ಅವನಾಗಿ ಹೋದದ್ದಲ್ಲ, ನಾನೇ ಕಳಿಸಿದ್ದು. "ಎಲ್ಲ ಇಳಿದ್ಮೇಲೆ ಕಂಪ್ಯೂಟರ್ ತಾನೇ ಆಫ್ ಆಗೋ ಹಾಗೆ ಮಾಡಿ" ಎಂದು ಪೀಡಿಸುತ್ತಿದ್ದ. ಕಾಟ ತಪ್ಪಲಿ ಎಂದು ನಿನ್ನೆಯಷ್ಟೇ ಹಾಗೆ ಮಾಡಿದ್ದೆ. ಅವನು ಇಳಿಸಿಕೊಳ್ಳುತ್ತಿದ್ದ ಬೇರೇನೋ ಮುಗಿದು, ಕಂಪ್ಯೂಟರ್ ತಾನೇ ಆಫ್ ಆಗಿರಬೇಕು.

ಅಕ್ಕ ಫೋನ್ ಮಾಡಿದಳು. "ಎಷ್ಟಾಯ್ತೋ?"

"ಬರ್ತಾ ಇದೆ ಕಣಕ್ಕಾ, ನೀನು ಮಲ್ಕೋ."

"ನೀನಿದ್ದೀಯಲ್ಲ, ನಂಗ್ಯಾಕೆ ಭಯ" ಎಂದಳು.

ಗೊಣಗಪ್ಪನಿಗೆ ನಾಲ್ಕು ಸಲ ಬರೆದೆ, ಉತ್ತರವಿಲ್ಲ. ಮನಸಾರೆ ಬೈಯೋಣವೆಂದು ಆಫ್ ಆಗುವ ಬಗ್ಗೆ ಅವನು ಬರೆದಿದ್ದ ಹಳೆಯ ಸಲಹೆಯನ್ನು ತೆರೆದೆ. ಅದಕ್ಕೆ ಎರಡನೇ ಸಾಲೊಂದಿತ್ತು. ನಾನು ಓದಿಯೇ ಇರಲಿಲ್ಲ.

"ಆದ್ರೆ ನಮ್ಮಿಂದ ಯಾರಾದ್ರೂ ಫೈಲ್ ತಗೋತಾ ಇದ್ರೆ, ಅವ್ರದ್ದು ಮುಗಿಯೋವರೆಗೂ ಆಫ್ ಆಗೋದು ಬೇಡ ಸಾರ್. ಪಾಪ, ಕಾಯ್ತಿರ್ತಾರೆ."