ಅಡ್ಡ ಮಲಗಿಸಿದ ಫ್ರಿಜ್ಜು ಮತ್ತು ನಾಕೆಯ ಸಾಹೇಬರ ಹಿಂದಿ

ಹಿಂದಿ ಬಲ್ಲ ಗಡಿ ತಪಾಸಣಾ ನಾಕೆಯ ಮಾನ್ಯ ಅಧಿಕಾರಿಗಳೇ,

ನಿಲ್ಲಿಸಿ ಒಯ್ಯಬೇಕಾದ ಫ್ರಿಜ್ಜನ್ನು ನೀವು ಅಡ್ಡ ಮಲಗಿಸಿದಿರಿ. ಅದರಿಂದ ನನ್ನ ಹೆಂಡತಿ ಸಾಯುವುದೊಂದು ಬಾಕಿ ಉಳಿದಿತ್ತು. ಇದೇ ನನ್ನ ದೂರು. ಕಚೇರಿಗೆ ಬಂದರೆ ಹೊರಗೇ ನಿಲ್ಲಿಸುತ್ತೀರಿ, ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ತೆಲಸಂಗದ ದರ್ಜಿ. ಹೆಂಡತಿ ಅಕ್ಕುತಾಯಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ವರ್ಷಗಟ್ಟಲೆ ಆ ಔಷಧವನ್ನು ಒದ್ದೆ ಉಸುಕಿನ ಗಡಿಗೆಯಲ್ಲಿಟ್ಟು ಕಾಪಾಡಿಕೊಂಡು ಬಂದವಳು ಅವಳು. ತಗಡಿನ ಪತ್ರಾಸು ಹೊದಿಸಿದ ಮನೆಯ ಬೇಸಿಗೆಗೆ ಗಡಿಗೆ ಸಾಲದು ಎಂದು ಡಾಕ್ಟರು ಹೇಳಿದ್ದಕ್ಕೆ 2012ರ ಮಾರ್ಚಿನಲ್ಲಿ ಗಡಿಯಾಚೆಯ ಮಿರಜಕ್ಕೆ ಹೋಗಿ ಫ್ರಿಜ್ ಕೊಂಡೆವು. ಹುಡ್ ಬಿಚ್ಚಿದ ನನ್ನ ಹಳೆಯ ಜೀಪಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಗಾದಿ ಕಟ್ಟಿ, ಹಗ್ಗ ಬಿಗಿದಿದ್ದೆವು. ಅಕ್ಕುತಾಯಿ ಹಿಂದೆ ಕೂತು ಪೆಟ್ಟಿಗೆಯನ್ನು ಕೂಸಿನಂತೆ ತಬ್ಬಿಕೊಂಡಿದ್ದಳು.

ಮರಳಿ ಬರುವಾಗ ನಾಕೆಯಲ್ಲಿ ನೀವು ಕೈ ಅಡ್ಡ ಹಾಕಿದಿರಿ. ಎತ್ತರ ಜಾಸ್ತಿಯಾಯಿತಂತೆ! ಅದೇ ಹೊತ್ತಿಗೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು, ವಾಲಾಡುತ್ತ, ನಿಮ್ಮ ಮೂಗಿನ ಮುಂದೆಯೇ ಹೋಯಿತು. ಅದರ ಎತ್ತರ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ, ಅಥವಾ ಕಬ್ಬಿಗೆ ಬೇರೆ ಕಾನೂನೇ?

"ಸಾಹೇಬ್ರ, ಇದನ್ನ ಉಭಾ ಒಯ್ಯಬೇಕ್ರಿ, ಮಲಗಿಸಿದ್ರ ಕೆಡತೈತಿ. ಪೆಟಗಿ ಮ್ಯಾಲ ಬರದಾರ ನೋಡ್ರಿ," ಎಂದೆ. ನೀವು ಕನ್ನಡಕ ಏರಿಸಿ ಆ ಮರಾಠಿ ಚೀಟಿಯನ್ನು ಗಟ್ಟಿಯಾಗಿ ಓದಿದಿರಿ: "ಆಡವೇ ಠೇವೂ ನಯೇ." ಓದಿ ನಕ್ಕಿರಿ. "ಆಡವೇ ಅಂದರೆ ಅಡ್ಡ. ನಯೇ ಅಂದರೆ ಹೊಸದು. ಹೊಸದನ್ನು ಅಡ್ಡ ಇಡಿ ಅಂತ ಕಂಪನಿಯವರೇ ಬರೆದಿದ್ದಾರಲ್ಲ! ನನಗೂ ಹಿಂದಿ ಬರುತ್ತೆ ಕಣ್ರೀ."

"ಅದು ಹಿಂದಿ ಅಲ್ರೀ, ಮರಾಠಿ! ನಯೇ ಅಂದ್ರ ಬ್ಯಾಡ ಅಂತ!" ಅಕ್ಕುತಾಯಿ ಕೂಗಿಕೊಂಡಳು. ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಪದ ಅದು. ಆದರೆ ಜೀಪಿನ ಹಿಂದೆ ಕೂತ ಹೆಂಗಸಿನಿಂದ ಕಲಿಯುವ ದರ್ದು ನಿಮಗೇನಿತ್ತು? ನಿಮ್ಮೆದುರೇ ಮಲಗಿಸಿದ ಮೇಲೆ ಬಿಟ್ಟಿರಿ.

ಮುಂದಿನ ರಸ್ತೆಯ ತಗ್ಗುಗಳಲ್ಲಿ ಅದು ಕುಲುಕಾಡಿದ್ದಕ್ಕೆ ಲೆಕ್ಕವಿಲ್ಲ. ಒಳಗಿನ ನಳಿಗೆ ಬಿರುಕು ಬಿಟ್ಟು ಗ್ಯಾಸ್ ಸೋರುತ್ತಿದ್ದದ್ದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಬಾಗಿಲು ತೆಗೆದರೆ ದೀಪ ಹತ್ತುತ್ತಿತ್ತು. ಮನೆಗೆ ಬಂದ ಮೊದಲ ಫ್ರಿಜ್ಜು, ಎಷ್ಟು ತಣ್ಣಗಿದ್ದರೆ ತಣ್ಣಗೆ ಎಂದು ನಮಗೇನು ಗೊತ್ತು? ಬೆಚ್ಚಗಾಗಿ ಕೆಟ್ಟ ಔಷಧವನ್ನೇ ಚುಚ್ಚಿಕೊಂಡು ಅಕ್ಕುತಾಯಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಎಚ್ಚರ ಬಂದಾಗ ಕಣ್ಣು ಮಂಜು. ನನ್ನ ಕೈ ತಡಕಿ, "ನನ್ನೂ ಆಡವಾ ಹಾಕೀರಲ್ರಿ, ಚೀಟಿ ಓದಲಿಲ್ಲೇನ?" ಎಂದಳು. ನಗಿಸಲೆಂದೇ ಹೇಳಿದ್ದಳು. ನಾನು ಅತ್ತುಬಿಟ್ಟೆ. ನನ್ನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ ಆ ಕಣ್ಣು ಇಂದಿಗೂ ತಿಳಿಯಾಗಿಲ್ಲ.

ಪರಿಹಾರ ಬೇಡ. ಗಡಿಯಲ್ಲಿ ಕೂರುವವರಿಗೆ ಗಡಿಯ ಎರಡೂ ಮಾತು ಬರಲಿ ಎಂಬುದು ನಿಮ್ಮ ಇಲಾಖೆಗೆ ನನ್ನ ಬೇಡಿಕೆ. ನಿಮಗೆ ಬೇರೆಯೇ ಬೇಡಿಕೆ ಇದೆ. ಒಮ್ಮೆ ತೆಲಸಂಗಕ್ಕೆ ಬನ್ನಿ. ಅಕ್ಕುತಾಯಿಯ ಎದುರು ಕೂತು, ನಯೇ ಎಂದರೆ ಏನೆಂದು ನಿಮ್ಮ ಬಾಯಿಂದಲೇ ಹೇಳಿ. ಮುಖ ಕಾಣದಿದ್ದರೂ ನಿಮ್ಮ ದನಿಯನ್ನು ಅವಳು ಗುರುತು ಹಿಡಿಯುತ್ತಾಳೆ.

ಇಂತಿ,
ನಿಮ್ಮ ಕಚೇರಿಯ ಹೊರಗೆ ಇನ್ನೂ ಉಭಾ ನಿಂತಿರುವ
ದರ್ಜಿ ಅಣ್ಣಾಸಾಬ, ತೆಲಸಂಗ